ಬಾಗಿಲ ಬದಿಗೆ ಆರು ಹೊಗೆಗೂಡು

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದವರು ಬಾಯಿ ತೆರೆಯಲೇಬೇಕು, ಆದರೆ ಮಾತಾಡುವಂತಿಲ್ಲ. ಬಸವೇಶ್ವರನಗರದ ಡಾಕ್ಟರ್ ಸಿದ್ದಲಿಂಗೇಶರ ಕ್ಲಿನಿಕ್ಕಿನಲ್ಲಿ ಹೋದ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಈ ನಿಯಮ ಮುರಿದವರು ಮಾರೇನಹಳ್ಳಿಯ ಮುನಿಯಣ್ಣ. ವಯಸ್ಸು ಅರವತ್ತೆಂಟು. ಕೆಳದವಡೆಗೆ ಹಲ್ಲಿನ ಸೆಟ್ಟು ಮಾಡಿಸಲು ಬಂದಿದ್ದರು. ಬಾಯೊಳಗೆ ಅಚ್ಚಿನ ಗುಲಾಬಿ ಪಾಕ ತುಂಬಿಕೊಂಡೇ ದಡಕ್ಕನೆ ಎದ್ದು ಕೂತು, ಎದುರು ಗೋಡೆಯ ಗಾಜಿನ ಬೀರುವಿನ ಕಡೆ ಬೆರಳು ಚಾಚಿ "ಆಂ! ಆಂ!" ಎನ್ನತೊಡಗಿದರು.

"ಅಲುಗಾಡ್ಬೇಡ್ರೀ ಯಜಮಾನ್ರೇ, ಅಚ್ಚು ಕೆಡ್ತದೆ!"

ಬೀರುವಿನಲ್ಲಿದ್ದದ್ದು ಗೇಣುದ್ದದ ಒಂದು ಉಗಿ ಇಂಜಿನ್. ಆಟದ ಸಾಮಾನಲ್ಲ. ನಿಜವಾದದ್ದರ ಎಂಬತ್ತೇಳನೇ ಒಂದು ಪಾಲಿಗೆ ಅಳತೆ ಹಿಡಿದು ಮಾಡಿದ್ದು, ವಿದೇಶದ್ದು, ಕರೆಂಟಿನಲ್ಲಿ ಓಡುವಂಥದ್ದು. ಹಿಂದೆ ಕನ್ನಡಿ ಇದ್ದದ್ದರಿಂದ ಅದರ ಎರಡೂ ಮಗ್ಗಲು ಒಟ್ಟಿಗೇ ಕಾಣುತ್ತಿದ್ದವು. ಅಚ್ಚು ಹೊರಗೆ ಬಂದದ್ದೇ ತಡ, ಮುನಿಯಣ್ಣ ಬಾಯಿ ಮುಕ್ಕಳಿಸುವುದನ್ನೂ ಮರೆತು ಶುರು ಮಾಡಿದರು.

"ಸಾರ್, ಆ ಇಂಜಿನ್ನು ಸ್ವಲ್ಪ ಓಡಿ ಗಕ್ ಅಂತ ನಿಂತ್ಕೊಳ್ಳುತ್ತೆ. ಹೌದೋ ಅಲ್ವೋ?"

ಡಾಕ್ಟರಿಗೆ ಬೆರಗು. "ಹೌದ್ರೀ! ಗಾಲಿ ಬಿಚ್ಚಿ ಕ್ಲೀನ್ ಮಾಡಿದಾಗಿಂದ ಹಂಗೇ ಮಾಡ್ತದೆ. ನಿಮಗೆ ಹೆಂಗೆ ಗೊತ್ತಾತು?"

"ಎರಡೂ ಕಡೆ ಗಾಲಿ ತಿರುಗ್ಸೋ ರಾಡು ಒಂದೇ ಸಮ ಕೂಡ್ಸಿಬಿಟ್ಟಿದೀರ. ಈ ಕಡೇದು ಮೇಲಿದ್ರೆ ಆ ಕಡೇದು ಮುಂದಿರ್ಬೇಕು ಸಾರ್. ಇಲ್ಲಾಂದ್ರೆ ಎಳೆಯೋದು ಹೆಂಗೆ ಪಾಪ ಅದು?"

ಹೊರಗೆ ಮೂರು ಜನ ದವಡೆ ಹಿಡಿದುಕೊಂಡು ಕಾಯುತ್ತಿದ್ದರು. ಒಳಗೆ ಡಾಕ್ಟರು ಇಂಜಿನ್ ಕೈಗೆತ್ತಿಕೊಂಡು, ಹಲ್ಲು ಕೀಳುವ ದೀಪದ ಕೆಳಗೆ ಹಿಡಿದು, ಮುನಿಯಣ್ಣ ಹೇಳಿದಂತೆ ಗಾಲಿ ತಿರುಗಿಸಿ ಕೂರಿಸಿದರು. ಇಂಜಿನ್ ಮೇಜಿನ ಮೇಲಿನ ಹಳಿಯಲ್ಲಿ ಸರ್ರನೆ ಓಡಿತು. ಎಲ್ಲೂ ನಿಲ್ಲಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಒಬ್ಬರ ನಗುವಿನಲ್ಲಿ ಕೆಳಸಾಲಿನ ಹಲ್ಲಿರಲಿಲ್ಲ, ಅಷ್ಟೇ.

ಮುನಿಯಣ್ಣ ಹತ್ತೊಂಬತ್ತನೇ ವಯಸ್ಸಿಗೆ, ಮೀಟರ್‌ಗೇಜ್ ಕಾಲದಲ್ಲಿ, ರೈಲ್ವೆಯ ಒಂದು ಲೋಕೋ ಶೆಡ್ಡಿಗೆ ಖಲಾಸಿಯಾಗಿ ಸೇರಿದವರು. ಬೆಂಕಿಗೂಡಿನ ಬೂದಿ ಕೆದಕಿ, ಬಾಯ್ಲರ್ ತೊಳೆದು, ಕೀಲುಕೀಲಿಗೆ ಎಣ್ಣೆ ಬಿಟ್ಟು, ಕೊನೆಗೆ ಫಿಟ್ಟರ್ ಆದವರು. ಉಗಿ ಹೋಯಿತು, ಡೀಸೆಲ್ ಬಂತು. ಶೆಡ್ಡನ್ನು ಕೆಡವಿ ಇಟ್ಟಿಗೆಯನ್ನೂ ಸಾಗಿಸಿದರು. ಅಲ್ಲಿ ತೆಗೆದ ಫೋಟೋಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಹಾರ ಹಾಕಿಕೊಂಡ ಸಾಹೇಬರಿದ್ದಾರೆ. ಹಿಂದೆ ನಿಂತವರು ಮಸಿಯೋ ಮನುಷ್ಯರೋ ಗೊತ್ತಾಗುವುದಿಲ್ಲ. ಮೂವತ್ತೊಂಬತ್ತು ವರ್ಷ ದುಡಿದವರಿಗೆ 'ಇದು ನಾನು ಮಾಡಿದ್ದು' ಎಂದು ಬೆರಳು ತೋರಿಸಲು ಈ ಊರಿನಲ್ಲಿ ಒಂದು ಗೋಡೆಯೂ ಉಳಿದಿಲ್ಲ. ಸೇತುವೆಗೆ ಶಂಕುಸ್ಥಾಪನೆ ಮಾಡಿದವರ ಹೆಸರು ಕಲ್ಲಿನಲ್ಲಿ ಇರುತ್ತದೆ ಸ್ವಾಮಿ, ಕಂಬಿ ಕಟ್ಟಿದವರ ಹೆಸರು ಎಲ್ಲಿರುತ್ತದೆ?

ಡಾಕ್ಟರ ಹತ್ತಿರ ಇನ್ನೊಂದು ಗುಟ್ಟಿತ್ತು. ಎಕ್ಸ್‌ರೇ ಕೋಣೆಯ ಅಟ್ಟದ ಮೇಲೆ, ಎರಡು ವರ್ಷದಿಂದ ಬಿಚ್ಚದೆ ಇಟ್ಟಿದ್ದ ಪೆಟ್ಟಿಗೆ. ಮೇಲೆ ರೌಂಡ್‌ಹೌಸ್ ಎಂದು ಬರೆದಿತ್ತು. ಅರ್ಧಚಂದ್ರಾಕಾರದ ಇಂಜಿನ್ ಮನೆ. ಮುಂದೆ ತಿರುಗುವ ಹಳಿ, ಅಂದರೆ ಟರ್ನ್‌ಟೇಬಲ್. ಅದರಿಂದ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿದ ಆರು ಹಳಿಗಳು, ಆರು ಬಾಗಿಲುಗಳ ಒಳಕ್ಕೆ. ಲೇಸರಿನಲ್ಲಿ ಕತ್ತರಿಸಿದ ತೆಳು ಮರದ ಇನ್ನೂರಕ್ಕೂ ಹೆಚ್ಚು ಚೂರುಗಳನ್ನು ನಾವೇ ಜೋಡಿಸಬೇಕು.

"ರೌಂಡ್‌ಹೌಸೋ ಗೀಂಡ್‌ಹೌಸೋ, ಇದು ನಮ್ಮ ಶೆಡ್ಡು ಸಾರ್!" ಮುನಿಯಣ್ಣ ಪೆಟ್ಟಿಗೆಯ ಚಿತ್ರವನ್ನು ಸವರಿದರು.

"ನವೆಂಬರಿನಾಗೆ ನಮ್ಮ ಮಾಡೆಲ್ ರೈಲು ಕ್ಲಬ್ಬಿನ ಪ್ರದರ್ಶನ ಇದೆ, ರಾಜಾಜಿನಗರದಲ್ಲಿ. ನನಗೆ ಟೈಮಿಲ್ಲ, ನಿಮ್ಮ ಕೈಯಾಗೆ ಕಸುಬು ಇದೆ. ಕಟ್ತೀರೇನ್ರೀ? ಏನು ಕೊಡ್ಲಿ ಹೇಳ್ರಿ."

"ಕೂಲಿಗೀಲಿ ಬೇಡ ಸಾರ್. ಅದರ ಮುಂದೆ ಬೋರ್ಡ್ ಇಡ್ತೀರಲ್ಲ, ಯಾರು ಮಾಡಿದ್ದು ಅಂತ? ಅದರಲ್ಲಿ ನಂದೂ ಒಂದು ಹೆಸರಿರ್ಲಿ."

"ಅಷ್ಟೇನಾ? ನನ್ನ ಹೆಸರಿನ ಪಕ್ಕದಾಗೇ ಹಾಕಿಸ್ತೀನಿ, ಬಿಡ್ರಿ!"

ಕ್ಲಿನಿಕ್ಕಿಗೆ ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆಯವರೆಗೆ ಬಿಡುವು. ಡಾಕ್ಟರು ಮನೆಗೆ ಊಟಕ್ಕೆ ಹೋಗುವುದನ್ನೇ ಬಿಟ್ಟರು. ಹಲ್ಲಿನ ಸೆಟ್ಟು ತಯಾರಿಸುವ ಹಿಂದಿನ ಕೋಣೆಯಲ್ಲಿ ಇಬ್ಬರೂ ಡಬ್ಬಿ ಬಿಚ್ಚಿ, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಗೋಂದು. ಹಲ್ಲಿನ ಚಿಮುಟ ಕಿಟಕಿಯ ಚೌಕಟ್ಟು ಹಿಡಿಯಲು ಹೇಳಿ ಮಾಡಿಸಿದಂತಿತ್ತು. ಹಲ್ಲಿನ ಕನ್ನಡಿಯಿಂದ ಗೋಡೆಯ ಒಳಮೂಲೆ ಕಾಣುತ್ತಿತ್ತು. ಮೊದಲ ವಾರ ಗೋಡೆ ಎದ್ದಿತು, ಎರಡನೇ ವಾರ ಬಾಗಿಲು. ಹನ್ನೆರಡು ಬಾಗಿಲ ರೆಕ್ಕೆಗಳು, ಒಂದೊಂದಕ್ಕೂ ಸೂಜಿಮೊನೆಯಷ್ಟು ಕೀಲು. ಮೊದಲ ಬಾಗಿಲು ಕಿರ್ರನೆ ತೆರೆದುಕೊಂಡಾಗ ಡಾಕ್ಟರು ಕುಣಿದರಂತೆ. ಇದನ್ನು ನನಗೆ ಹೇಳಿದ್ದು ಅಲ್ಲಿಯ ನರ್ಸಮ್ಮ.

ಮುನಿಯಣ್ಣ ಆ ಪೆಟ್ಟಿಗೆಯ ಕಿಟ್ಟಿನಲ್ಲಿ ಇದ್ದದ್ದಕ್ಕಿಂತ ಇಲ್ಲದ್ದನ್ನೇ ಹೆಚ್ಚು ನೋಡುತ್ತಿದ್ದರು.

"ಇದೇನ್ ಸಾರ್, ಪಿಟ್ಟೇ ಇಲ್ಲ! ಹಳಿ ನಡುವೆ ಗುಂಡಿ ಇಲ್ದಿದ್ರೆ ಇಂಜಿನ್ ಕೆಳಗೆ ನುಗ್ಗಿ ಕೆಲಸ ಮಾಡೋನು ಎಲ್ಲಿಗೆ ಹೋಗ್ಬೇಕು?"

"ತೋಡ್ರಿ ಹಂಗಾದ್ರೆ!" ಅಂದರು ಡಾಕ್ಟರು. ನೆಲದ ಹಲಗೆ ಕೊರೆದು, ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರನ್ನು ಸುರಿದು ಆರು ಗುಂಡಿ ಎರಕ ಹೊಯ್ದರು. ಗುಂಡಿಗೆ ಮೆಟ್ಟಿಲು. ಮೆಟ್ಟಿಲ ಮೇಲೆ ಎಣ್ಣೆ ಜಾರಿದ ಕಲೆ. ಬಾಗಿಲ ಪಕ್ಕ ನೀರಿನ ಮಡಕೆ, ಅದರ ಮೇಲೆ ಕವುಚಿದ ಲೋಟ. ಪ್ರತಿಯೊಂದಕ್ಕೂ ಡಾಕ್ಟರು "ಭಾರಿ ಆಯ್ತು ಬಿಡ್ರೀ!" ಅನ್ನುವರು. ಈ 'ಭಾರಿ'ಗಳನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತವೆ.

ಕ್ಲಿನಿಕ್ಕಿನಲ್ಲಿ ಮುಗಿಯದ ಕೆಲಸ ಮಾರೇನಹಳ್ಳಿಯ ಮನೆಗೆ ಬಸ್ಸಿನಲ್ಲಿ ಬರುತ್ತಿತ್ತು. ಮನೆಯಾಕೆ ಯಶೋದಮ್ಮನಿಗೆ ದಿನವೂ ಒಂದು ತಮಾಷೆ, ಒಂದು ತಕರಾರು. ಶೆಡ್ಡಿನ ಒಳಗೋಡೆಗೆ ಮಸಿ ಬೇಕಿತ್ತು. ಅಂಗಡಿಯ ಕಪ್ಪು ಬಣ್ಣ ಮುನಿಯಣ್ಣನಿಗೆ ಒಪ್ಪಿಗೆಯಾಗಲಿಲ್ಲ. ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಕವುಚಿ ಮಸಿ ಹಿಡಿಯುತ್ತ ಕೂತರು.

"ಕಾಡಿಗೆ ಹಚ್ಕೊಳ್ಳೋ ವಯಸ್ಸಲ್ಲಿ ನಂಗೆ ಒಂದಿನ ಮಾಡ್ಕೊಡ್ಲಿಲ್ಲ. ಈಗ ಬೊಂಬೆ ಮನೆಗೆ ಕಾಡಿಗೆ ತೀಡ್ತೀರಾ?"

"ಬೊಂಬೆ ಮನೆ ಅಲ್ಲ ಕಣೇ, ಶೆಡ್ಡು."

"ಶೆಡ್ಡಲ್ಲಿದ್ದಾಗ ಮನೆ ನೆನಪಿರ್ಲಿಲ್ಲ, ಮನೇಲಿದ್ರೆ ಶೆಡ್ಡು ನೆನಪು. ಒಳ್ಳೇ ಗಂಡ!"

ಅಕ್ಟೋಬರ್ ಬಂತು, ಆಯುಧಪೂಜೆ ಬಂತು. ಮುನಿಯಣ್ಣನಿಗೆ ಹೊಳೆದದ್ದು ಆಗ. ಶೆಡ್ಡು ಬರಿದೇ ಯಾಕಿರಬೇಕು? ಆಯುಧಪೂಜೆಯ ದಿನದ ಶೆಡ್ಡು ಮಾಡೋಣ! ಪ್ರತಿ ಬಾಗಿಲಿಗೂ ಹಸಿರು ಕಾಗದದ ಬಾಳೆಕಂದು, ದಾರದೆಳೆಗೆ ಕಟ್ಟಿದ ಮಾವಿನೆಲೆ. ಇಂಜಿನ್ನಿನ ಹಣೆಗೆ ಮೂರು ಗೆರೆ ವಿಭೂತಿ. ಮತ್ತೆ ಬೂದುಗುಂಬಳ? ಆ ಅಳತೆಗೆ ಆಳೆತ್ತರ ಅಂದರೆ ಹೆಬ್ಬೆಟ್ಟಿನ ಉಗುರಿನಷ್ಟು. ಹಾಗಾದರೆ ಕುಂಬಳಕಾಯಿ ಅಂದರೆ ಒಂದು ಸಾಸಿವೆ ಕಾಳು. ಯಶೋದಮ್ಮನ ಒಗ್ಗರಣೆ ಡಬ್ಬಿಯಿಂದ ದಪ್ಪ ದಪ್ಪ ಕಾಳು ಆರಿಸಿ, ತಿಳಿಹಸಿರು ಬಳಿದು, ಬ್ಲೇಡಿನಲ್ಲಿ ಸೀಳಿ, ನಡುವೆ ಸೂಜಿಯಿಂದ ಕುಂಕುಮ ತುಂಬಿದರು.

"ಇವತ್ತು ಸಾರಿಗೆ ಒಗ್ಗರಣೆ ಇಲ್ಲ," ಅಂದರು ಯಶೋದಮ್ಮ. "ಎಲ್ಲಾ ದೃಷ್ಟಿ ತೆಗೆಯೋಕೆ ಹೋಯ್ತು."

ಆಮೇಲೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಅವರೇ ಮೂರು ಕಾಳು ಸೀಳಿಕೊಟ್ಟರು.

ಇನ್ನು ಉಳಿದದ್ದು ಚಾವಣಿ. ಉಗಿ ಇಂಜಿನ್ನನ್ನು ರಾತ್ರಿ ಪೂರ್ತಿ ಆರಿಸುವುದಿಲ್ಲ. ಒಳಗೆ ನಿಂತಾಗಲೂ ಹೊಗೆ ಬಿಡುತ್ತಿರುತ್ತದೆ. ಅದಕ್ಕೇ ಒಂದೊಂದು ಹಳಿಯ ಮೇಲೂ ಚಾವಣಿಯಲ್ಲಿ ಒಂದೊಂದು ಹೊಗೆಗೂಡು. ಇಂಜಿನ್ನಿನ ಮುಖದ ಕಡೆ ಇರುವ ಹೊಗೆ ಕೊಳವೆ ಸರಿಯಾಗಿ ಅದರ ಕೆಳಗೆ ನಿಲ್ಲಬೇಕು. ಕಿಟ್ಟಿನ ಚಾವಣಿಯಲ್ಲಿ ಆರು ಗುರುತುಗಳಿದ್ದವು. ಆರೂ ಹಿಂಗೋಡೆಯ ಕಡೆ.

ಮುನಿಯಣ್ಣ ಅದನ್ನು ನೋಡಿ ತಲೆ ಅಲ್ಲಾಡಿಸಿದರು. ಶೆಡ್ಡಿನಲ್ಲಿ ಅವು ಇದ್ದದ್ದು ಬಾಗಿಲ ಕಡೆ.

ಡಾಕ್ಟರು ಆ ಎರಡು ದಿನ ಮದುವೆಗೆಂದು ದಾವಣಗೆರೆಗೆ ಹೋಗಿದ್ದರು. ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಅಂದರೆ, ಮುನಿಯಣ್ಣ ಕೆಲಸ ಕಲಿತ ಜಾಗದ ರೀತಿ ಅದು. ಸಾಹೇಬರು ರೌಂಡಿಗೆ ಬರುವ ಮುಂಚೆ ತಪ್ಪು ಕಂಡರೆ ಸರಿ ಮಾಡಿಬಿಡು. ಬಂದ ಮೇಲೆ ಬಾಯಿಬಿಟ್ಟರೆ ನಿನ್ನನ್ನೇ ಪ್ರಶ್ನೆ ಕೇಳುತ್ತಾರೆ, ಕಾಗದ ಕೇಳುತ್ತಾರೆ, ಇಂಜಿನ್ ಅಲ್ಲೇ ನಿಂತಿರುತ್ತದೆ. ಕೈ ಮುಂದೆ, ಬಾಯಿ ಹಿಂದೆ. ಮೂವತ್ತೊಂಬತ್ತು ವರ್ಷ ಇದೇ ಪಾಠ. ಹಾಗಾಗಿ ನರ್ಸಮ್ಮನಿಂದ ಕೀಲಿ ಇಸಿದುಕೊಂಡು, ಹಲ್ಲು ಕೊರೆಯುವ ಪುಟ್ಟ ಮೋಟಾರಿನಿಂದ ಬಾಗಿಲ ಬದಿಗೆ ಆರು ತೂತು ಕೊರೆದರು. ಹಿಂಬದಿಯ ಗುರುತುಗಳ ಮೇಲೆ ತೆಳು ಹಲಗೆಯ ತೇಪೆ. ಆರು ಹೊಗೆಗೂಡು ನಿಂತವು. ಅವುಗಳ ಬುಡಕ್ಕೆ ಮಸಿ ತೀಡಿ, ಮಳೆ ನೀರು ಇಳಿದ ಗೆರೆ ಎಳೆದು, ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು. ಶೆಡ್ಡು ಎದ್ದು ಬಂದಿತ್ತು.

ಬುಧವಾರ ಡಾಕ್ಟರು ಬಂದರು.

"ಇದ್ಯಾರು ಮಾಡಿದ್ದು?"

"ನಾನೇ ಸಾರ್." ಮುನಿಯಣ್ಣನ ಮುಖದಲ್ಲಿ ನಗು.

"ಯಾರನ್ನ ಕೇಳಿ ತೂತು ಕೊರೆದ್ರಿ? ಗುರುತು ಹಾಕಿದ್ರಲ್ರೀ! ಚಿತ್ರ ಇತ್ತಲ್ರೀ! ನಮ್ಮ ಕ್ಲಬ್ಬಿನೋರು ಒಬ್ಬೊಬ್ರೂ ಫೋಟೋ ಇಟ್ಕೊಂಡು ಹೋಲ್ಸಿ ನೋಡ್ತಾರೆ. ಇನ್ನೊಂದು ಚಾವಣಿ ತರ್ಸೋಕೆ ನಾಲ್ಕು ದಿನ ಸಾಕಾಗ್ತದಾ?"

"ನಮ್ಮ ಶೆಡ್ಡಲ್ಲಿ ಹಂಗೇ ಇತ್ತು ಸಾರ್."

"ನಿಮ್ಮ ಶೆಡ್ಡು ಯಾರಿಗೆ ಬೇಕ್ರೀ! ಕಿಟ್ಟಿನಾಗೆ ಹೆಂಗಿದೆ ಹಂಗೆ ಇರ್ಬೇಕು!"

ಪಿಟ್ಟು ತೋಡಿದಾಗ 'ಭಾರಿ', ಮಡಕೆ ಇಟ್ಟಾಗ 'ಭಾರಿ', ಬಾಳೆಕಂದು ಕಟ್ಟಿದಾಗ 'ಭಾರಿ'. ಅವೆಲ್ಲ ಕಿಟ್ಟಿನಲ್ಲಿದ್ದವಾ? ಅಲಂಕಾರ ಮಾಡುವವರೆಗೆ ಮುನಿಯಣ್ಣ ಕಲಾವಿದ. ಚಾವಣಿಗೆ ಕೈ ಹಾಕಿದ ಕೂಡಲೇ ಖಲಾಸಿ. ನಮ್ಮ ದೊಡ್ಡ ಮನುಷ್ಯರು ಕೆಲಸದವರ ಬುದ್ಧಿಗೆ ಹಾಕಿರುವ ಗಡಿ ಇಷ್ಟೇ. ಬಣ್ಣ ನಿಂದು, ನಕ್ಷೆ ನಂದು.

ಆದರೆ ಮುನಿಯಣ್ಣನ ಮೇಲೂ ನನಗೆ ಸಿಟ್ಟಿದೆ. ಅವರು ಆಗಲಾದರೂ ಬಾಯಿ ಬಿಟ್ಟು ಯಾಕೆ ಹಾಗೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಟವಲ್ಲಿನಿಂದ ಕೈ ಒರೆಸಿಕೊಂಡು ನಿಂತರು.

ಡಾಕ್ಟರು ಸ್ವಲ್ಪ ತಣ್ಣಗಾಗಿ ಇನ್ನೂ ಕೆಟ್ಟ ಮಾತು ಆಡಿದರು. "ಇರ್ಲಿ ಬಿಡ್ರಿ, ಹಿಂಗೇ ಇಡ್ತೀನಿ. ಆದ್ರೆ ಬೋರ್ಡಿನಾಗೆ ನಿಮ್ಮ ಹೆಸರು ಬೇಡ. ಯಾರಾದ್ರೂ ತಪ್ಪು ಹಿಡಿದ್ರೆ ನಿಮಗೇ ಅವಮಾನ. ನಿಮ್ಮ ಮರ್ಯಾದೆಗೇ ಹೇಳ್ತಿರೋದು ನಾನು."

ಮರ್ಯಾದೆ! ಹೆಸರು ಕಿತ್ತುಕೊಂಡು ಕೈಗೆ ಮರ್ಯಾದೆ ಕೊಡುವ ಈ ವ್ಯಾಪಾರ ನಮ್ಮಲ್ಲಿ ಎಷ್ಟು ಸಲೀಸು ನೋಡಿ.

ಮುನಿಯಣ್ಣ "ಆಯ್ತು ಸಾರ್" ಎಂದು ಬಸ್ಸು ಹತ್ತಿದರು. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮನೆಯಲ್ಲಿ ಟೀವಿ ನೋಡುತ್ತ ಕೂತವರ ಮುಂದೆ ಯಶೋದಮ್ಮ ಬಂದು ನಿಂತರು.

"ಏನಾಯ್ತು ಅಂತ ಆಗ್ಲೇ ಮೂರು ಸಲ ಕೇಳಿದೀನಿ."

ಹೇಳಿದರು. ಯಶೋದಮ್ಮ ಕೇಳಿಸಿಕೊಂಡು ಸೊಂಟಕ್ಕೆ ಕೈ ಇಟ್ಟರು.

"ಚಿಮ್ನಿ ಯಾಕೆ ಆ ಕಡೆ ಬಂತು ಅಂತ ನಂಗೆ ಗೊತ್ತು. ಅಡುಗೆ ಮನೇಲಿ ಇರೋಳಿಗೆ ಗೊತ್ತು. ಆ ಡಾಕ್ಟ್ರಿಗೆ ಗೊತ್ತಿಲ್ಲ, ಯಾಕಂದ್ರೆ ನೀವು ಹೇಳ್ಲಿಲ್ಲ. ಹೊಸ ಹಲ್ಲು ಕಟ್ಟಿಸ್ಕೊಂಡಿದ್ದು ಯಾತಕ್ಕೆ, ಬರೀ ಚಕ್ಕುಲಿ ತಿನ್ನೋಕಾ?"

"ಈಗ ಹೋಗಿ ಏನ್ ಹೇಳ್ಲಿ?"

"ಭಾನ್ವಾರ ಪ್ರದರ್ಶನಕ್ಕೆ ಹೋಗೋಣ. ನಾನು ಮೂರು ಕುಂಬಳಕಾಯಿ ಸೀಳಿದೀನಿ. ನೋಡ್ಬೇಕು."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ರಾಜಾಜಿನಗರದ ಆ ಸಮುದಾಯ ಭವನದಲ್ಲಿ ನಾನೂ ಇದ್ದೆ. ಕಾಲಿಡಲು ಜಾಗವಿಲ್ಲ. ಮೇಜಿನಿಂದ ಮೇಜಿಗೆ ರೈಲುಗಳು ಸುರಂಗ ಹೊಕ್ಕು ಸೇತುವೆ ದಾಟುತ್ತಿದ್ದವು. ದೊಡ್ಡವರೆಲ್ಲ ಮೊಣಕಾಲೂರಿ ಕೂತು ಕಣ್ಣು ಹಳಿಯ ಮಟ್ಟಕ್ಕೆ ತಂದು ನೋಡುತ್ತಿದ್ದರು. ನಡುವಿನ ಮೇಜಿನ ಮುಂದೆ ಜನ ಮೂರು ಸಾಲು. ಅಲ್ಲೇ ನಮ್ಮ ಶೆಡ್ಡು. ಸಾಸಿವೆ ಕುಂಬಳಕಾಯಿ ನೋಡಿ ಹೆಂಗಸರು ಫೋಟೋ ಹಿಡಿಯುತ್ತಿದ್ದರು. "ಅಯ್ಯೋ, ಮಡಕೆ ಮೇಲೆ ಲೋಟ ನೋಡೇ!" ಮುಂದೆ ಅಚ್ಚು ಹಾಕಿಸಿದ ಬೋರ್ಡು: ನಿರ್ಮಾಣ, ಡಾ. ಸಿದ್ದಲಿಂಗೇಶ್. ಅಷ್ಟೇ.

ಮುನಿಯಣ್ಣ, ಯಶೋದಮ್ಮ ಮೂರನೇ ಸಾಲಿನಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಡಾಕ್ಟರು ಅವರನ್ನು ನೋಡಲಿಲ್ಲ, ಅಥವಾ ನೋಡಿ ನೋಡದ ಹಾಗಿದ್ದರು.

ಆ ದಿನಕ್ಕೆಂದೇ ಡಾಕ್ಟರು ಒಂದು ವಿಶೇಷ ಕಾದಿರಿಸಿದ್ದರು. ಆ ಇಂಜಿನ್ನಿಗೆ ಹೊಗೆ ಬಿಡುವ ಸೌಕರ್ಯ ಉಂಟು. ಕೊಳವೆಯೊಳಗೆ ಎರಡು ಹನಿ ಎಣ್ಣೆ ಬಿಟ್ಟರೆ ಬಿಸಿಯಾಗಿ ನಿಜವಾಗಲೂ ಬಿಳಿ ಹೊಗೆ ಬರುತ್ತದೆ. ಕ್ಲಿನಿಕ್ಕಿನಲ್ಲಿ ಅದನ್ನು ಒಮ್ಮೆಯೂ ಹಚ್ಚಿ ನೋಡಿರಲಿಲ್ಲ. "ಈಗ ನೋಡ್ರಿ ಎಲ್ರೂ!" ಎಂದು ಸ್ವಿಚ್ಚು ಒತ್ತಿದರು. ಇಂಜಿನ್ ಹೊಗೆಯುಗುಳುತ್ತ ಬಂತು. ಟರ್ನ್‌ಟೇಬಲ್ ಏರಿತು. ಮೇಜಿನ ಸುತ್ತ ಚಪ್ಪಾಳೆ. ನಾಲ್ಕನೇ ಬಾಗಿಲಿಗೆ ಹಳಿ ಕೂಡಿತು. ಇಂಜಿನ್ ಮುಖ ಮುಂದೆ ಮಾಡಿ ನೆಟ್ಟಗೆ ಒಳಗೆ ಹೋಯಿತು.

ಮುಖ ಮುಂದೆ! ಕೊಳವೆ ಹೋಗಿ ಹಿಂಗೋಡೆಯ ಹತ್ತಿರ, ತೇಪೆ ಹಚ್ಚಿದ ಚಾವಣಿಯ ಕೆಳಗೆ ನಿಂತಿತು. ಹೊಗೆಗೆ ದಾರಿಯಿಲ್ಲ. ಮೊದಲು ಕಿಟಕಿಗಳಿಂದ ಬಂತು, ಆಮೇಲೆ ಸೂರಿನಿಂದ, ಆಮೇಲೆ ಆರೂ ಬಾಗಿಲುಗಳಿಂದ. ಬಾಳೆಕಂದು ಕಾಣದು, ಮಡಕೆ ಕಾಣದು.

"ಮಚ್ಚಾ, ಬೆಂಕಿ ಬಿತ್ತು ಕಣೋ!" ಹಿಂದಿನಿಂದ ಒಬ್ಬ ಕೂಗಿದ.

"ಸಾರ್, ಸೊಳ್ಳೆ ಓಡಿಸ್ತಿದೀರಾ?"

ನಗುವೋ ನಗು. ಕ್ಲಬ್ಬಿನ ಒಬ್ಬರು ಬಗ್ಗಿ ನೋಡಿ, "ಡಾಕ್ಟ್ರೇ, ಚಿಮ್ನಿ ಎಲ್ಲೋ, ಇಂಜಿನ್ ಎಲ್ಲೋ. ಉಲ್ಟಾ ಫಿಟ್ ಮಾಡಿಸ್ಬಿಟ್ಟಿದೀರ" ಎಂದರು. ಡಾಕ್ಟರ ಕಿವಿ ಕೆಂಪಾಯಿತು.

ಆಗ ಮೂರನೇ ಸಾಲಿನಿಂದ ಒಂದು ದನಿ ಸಭಾಂಗಣದ ಗೋಡೆಗೆ ಹೊಡೆದು ಬಂತು. ಬಾಯ್ಲರ್ ಸದ್ದಿನ ನಡುವೆ ಕೂಗಿ ಪಳಗಿದ ದನಿ.

"ಹಿಂದಕ್ಕೆ ತಗೊಳ್ಳಿ ಸಾರ್! ಟರ್ನ್‌ಟೇಬಲ್ ಮೇಲಕ್ಕೆ! ತಿರುಗ್ಸಿ! ಮುಖ ಹೊರಗೆ ಇರ್ಬೇಕು, ಮುಖ ಹೊರಗೆ!"

ಜನ ದಾರಿ ಬಿಟ್ಟರು. ಬಿಡದವರನ್ನು ಯಶೋದಮ್ಮ ಮೊಣಕೈಯಿಂದ ಬಿಡಿಸಿದರು. ಡಾಕ್ಟರು ಕಂಟ್ರೋಲು ಪೆಟ್ಟಿಗೆಯನ್ನೇ ಚಾಚಿದರು, "ನೀವೇ ಮಾಡ್ರಿ."

"ಬೇಡ, ಡ್ರೈವರ್ ನೀವೇ. ನನ್ನ ಕೈ ನೋಡ್ತಾ ಇರಿ, ಬೇರೇನೂ ನೋಡ್ಬೇಡಿ."

ಮುನಿಯಣ್ಣ ಟರ್ನ್‌ಟೇಬಲ್ಲಿನ ಪಕ್ಕ ಕಾಲಗಲಿಸಿ ನಿಂತು ಬಲಗೈ ಎತ್ತಿದರು. ಆ ಕೈಯನ್ನು ನೀವು ನೋಡಬೇಕಿತ್ತು! ಅಂಗೈ ತನ್ನ ಕಡೆಗೆ ಎಳೆದುಕೊಂಡಿತು. ಇಂಜಿನ್ ಹಿಂದೆ ಬಂತು. ಕೈ ಕೆಳಗೆ ಬಿತ್ತು. ನಿಂತಿತು. ತೋರುಬೆರಳು ಗಾಳಿಯಲ್ಲಿ ಅರ್ಧ ಸುತ್ತು ಬರೆಯಿತು. ಟರ್ನ್‌ಟೇಬಲ್ ನಿಧಾನ ತಿರುಗಿತು, ತಿರುಗಿತು, ವಿಭೂತಿ ಹಚ್ಚಿದ ಹಣೆ ಜನರ ಕಡೆಗೆ ಬಂತು. "ಬಾ… ಬಾ… ಬಾ… ಮೆಲ್ಲಗೆ… ಇನ್ನೊಂಚೂರು… ಬಾ…" ಕಲ್ಲಿದ್ದಲ ಪೆಟ್ಟಿಗೆ ಒಳಹೊಕ್ಕಿತು, ಗಾಲಿಗಳು ಹೊಕ್ಕವು. "ಹಾಂ!"

ನಿಂತಿತು. ಕೊಳವೆ ಸರಿಯಾಗಿ ಬಾಗಿಲ ಬದಿಯ ನಾಲ್ಕನೇ ಹೊಗೆಗೂಡಿನ ಕೆಳಗೆ. ಕ್ಷಣ ಏನೂ ಇಲ್ಲ. ಆಮೇಲೆ ಹೊಗೆಗೂಡಿನಿಂದ ದಾರದಷ್ಟು ಸಣ್ಣ ಬಿಳಿ ಎಳೆ ಎದ್ದಿತು, ಬೆರಳಷ್ಟಾಯಿತು, ನೇರ ಮೇಲಕ್ಕೆ ಹೋಯಿತು. ಶೆಡ್ಡಿನ ಒಳಗೆ ಒಂದು ಎಳೆ ಹೊಗೆಯಿಲ್ಲ. ಪಿಟ್ಟಿನ ಮೆಟ್ಟಿಲೂ ಸ್ವಚ್ಛ ಕಾಣುತ್ತಿತ್ತು.

ಶಿಳ್ಳೆ ಅಂದರೆ ಶಿಳ್ಳೆ! ಬೆಂಕಿ ಬಿತ್ತೆಂದು ಕೂಗಿದವನೇ "ಅಣ್ಣಾ, ಇನ್ನೊಂದ್ಸಲ!" ಅಂತ ಮೇಜು ಬಡಿದ. ನನ್ನ ಕಣ್ಣಲ್ಲಿ ನೀರು ಬಂದದ್ದಕ್ಕೆ ಹೊಗೆ ಕಾರಣವಲ್ಲ.

ಗದ್ದಲ ಸ್ವಲ್ಪ ಇಳಿದಾಗ ಡಾಕ್ಟರು ಎಂಟು ವಾರದಲ್ಲಿ ಕೇಳದಿದ್ದ ಪ್ರಶ್ನೆ ಕೇಳಿದರು. "ಯಾಕ್ರೀ ಯಜಮಾನ್ರೇ? ಯಾಕೆ ನಿಮ್ಮಲ್ಲಿ ಹಿಂದು ಮಾಡಿ ನಿಲ್ಲಿಸ್ತಿದ್ರು?"

ಮುನಿಯಣ್ಣ ಹೆಂಡತಿಯ ಕಡೆ ನೋಡಿದರು. ಯಶೋದಮ್ಮ ಹುಬ್ಬು ಹಾರಿಸಿದರು.

"ಮೊದ್ಲು ಹಂಗಿರ್ಲಿಲ್ಲ ಸಾರ್. ಕಿಟ್ಟಿನ ಚಿತ್ರದಲ್ಲಿ ಇದೆಯಲ್ಲ, ಹಂಗೇ ಇತ್ತು. ಮುಖ ಒಳಗೆ, ಚಿಮ್ನಿ ಹಿಂದೆ. ಚಿಮ್ನಿ ತುಕ್ಕು ಹಿಡಿದು ಅರ್ಧ ಹೊಗೆ ಒಳಗೇ ಸುತ್ತೋದು. ಹಿಂದ್ಗಡೆ ಗೋಡೆ, ಗಾಳಿ ಆಡಲ್ಲ. ನಾವು ಪಿಟ್ಟಲ್ಲಿ. ನಮ್ಮ ಮೇಸ್ತ್ರಿ ಇದ್ರು, ಕೆಮ್ಮಿ ಕೆಮ್ಮಿ ರಕ್ತ ಬರೋದು. ಕೇಳಿದ್ವಿ, ಬರೆದು ಕೊಟ್ವಿ, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಒಂದು ವರ್ಷ ಆಯುಧಪೂಜೆಗೆ ಶೆಡ್ಡು ಸುಣ್ಣ ಹೊಡೀಬೇಕಿತ್ತು, ಸಾಹೇಬ್ರು ರಜದಲ್ಲಿದ್ರು. ಎರಡು ದಿನದಲ್ಲಿ ಅಷ್ಟೂ ಚಿಮ್ನಿ ಕಿತ್ತು ಬಾಗಿಲ ಕಡೆ ಕೂಡ್ಸಿಬಿಟ್ವಿ. ಬಾಗಿಲಲ್ಲಿ ಗಾಳಿ ಎಳ್ಕೊಳ್ಳುತ್ತೆ. ಅವತ್ತಿಂದ ಇಂಜಿನ್ನು ಹಿಂದು ಮಾಡಿ ಹಾಕೋದು. ಬೆಳಿಗ್ಗೆ ನೆಟ್ಟಗೆ ಹೊರಗೆ ಹೋಗೋಕೂ ಸಲೀಸಾಯ್ತು. ಸಾಹೇಬ್ರು ಬಂದು ನೋಡಿ, ಹೊಸ ಪದ್ಧತಿ ತಾವೇ ತಂದಿದ್ದು ಅಂತ ಮೇಲಕ್ಕೆ ಬರೆದ್ರು."

ಸುತ್ತ ನಿಂತವರು ಯಾರೂ ನಗಲಿಲ್ಲ. ಚಾವಣಿಯ ಆ ಆರು ತೂತುಗಳು ಯಾರ ಶ್ವಾಸಕೋಶಕ್ಕಾಗಿ ಕೊರೆದಂಥವು ಎಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ಕಿಟ್ಟಿನ ಚಿತ್ರ ಬರೆದವರಿಗೆ ಗೊತ್ತಿರಲಿಲ್ಲ. ತಪ್ಪು ಅವರದೂ ಅಲ್ಲ, ಅವರ ಊರಿನ ಶೆಡ್ಡು ಅವರದು. ಆದರೆ ಮಗ್ಗುಲಲ್ಲೇ ಕೂತು ಡಬ್ಬಿ ಹಂಚಿಕೊಂಡು ಉಂಡವರು ಕೇಳಬಹುದಿತ್ತಲ್ಲ. ಒಂದೇ ಒಂದು 'ಯಾಕೆ'.

ಡಾಕ್ಟರು ಆ ಮಾತನ್ನು ತಮಗೆ ತಾವೇ ಹೇಳಿಕೊಂಡರೆಂದು ಕಾಣುತ್ತದೆ. ಅಚ್ಚಿನ ಬೋರ್ಡನ್ನು ಮೇಜಿನಿಂದ ಎತ್ತಿದರು. ಜೇಬಿನಿಂದ ಔಷಧಿ ಚೀಟಿಯ ಪುಸ್ತಕ ತೆಗೆದು, ಒಂದು ಹಾಳೆ ಹಿಂದು ಮಾಡಿ, ಪೆನ್ನು ಬಿಚ್ಚಿದರು.

"ಹೇಳ್ರಿ. ಮುನಿಯಣ್ಣ. ಮೇಲೆ ನಿಮ್ಮ ಹೆಸರು."

"ತಾಳಿ ಸಾರ್. ಚಿಮ್ನಿ ಜಾಗ ನಂದೊಬ್ಬಂದಲ್ಲ. ಮೊದ್ಲು ಮೇಸ್ತ್ರಿ, ವೆಂಕಟರಮಣಪ್ಪ. ಆಮೇಲೆ ಸುಬ್ರಮಣಿ. ಬಾಬಾಜಾನ್, ಏಣಿ ಮೇಲೆ ಇದ್ದಿದ್ದು ಅವನೇ. ಆಮೇಲೆ…" ಮುನಿಯಣ್ಣ ತಡೆದರು. ಕಣ್ಣು ಮುಚ್ಚಿದರು. "ತೆಳ್ಳಗೆ ಇದ್ದ… ಎಡಗೈಯವನು… ಅಯ್ಯೋ, ಮುಖ ಕಾಣ್ತಿದೆ ಸಾರ್, ಹೆಸರು…"

ಮುನಿಯಣ್ಣ ಬಲಗೈಯಿಂದ ಹಣೆ ತಟ್ಟಿಕೊಂಡರು. ಅಷ್ಟೊತ್ತು ಇಂಜಿನ್ನನ್ನು ಆಡಿಸಿದ್ದ ಕೈ.

"ಮುರುಗೇಶ್ ಅಲ್ವೇನ್ರೀ?" ಯಶೋದಮ್ಮ ಅಂದರು. "ನಮ್ಮ ಮದ್ವೇಲಿ ಪಾಯಸ ಬಡಿಸಿದ್ದು. ನಂಗೆ ಎರಡು ಸಲ ಹಾಕಿದ್ದ ಪುಣ್ಯಾತ್ಮ."

"ಮುರುಗೇಶ! ಬರ್ಕೊಳ್ಳಿ ಸಾರ್, ಮುರುಗೇ—ಶ."

"ಬರೆದೆ. ಈಗಾದ್ರೂ ನಿಮ್ಮದು?"

"ಈಗ ಹಾಕಿ."

ಡಾಕ್ಟರ ಅಕ್ಷರ ಎಂದೂ ಯಾರಿಗೂ ಓದಲು ಬಂದದ್ದಿಲ್ಲ. ಅಂದು ದುಂಡಗೆ, ಒಂದನೇ ತರಗತಿಯವರ ಹಾಗೆ ಬರೆದರು. ಐದು ಹೆಸರಾದ ಮೇಲೆ ಪೆನ್ನು ಎತ್ತಿ ಅನುಮಾನದಿಂದ ನೋಡಿದರು. "ನಂದು?"

ಮುನಿಯಣ್ಣ ಯೋಚಿಸಿದರು. "ಡ್ರೈವರ್ ಅಂತ ಹಾಕಿ ಸಾರ್. ಚೆನ್ನಾಗೇ ಓಡ್ಸಿದ್ರಿ."

ಆ ಚೀಟಿಯನ್ನು ಶೆಡ್ಡಿನ ಮುಂದೆ ನಿಲ್ಲಿಸುವಷ್ಟರಲ್ಲಿ ಜನ ಮತ್ತೆ ಮೇಜಿಗೆ ಮುತ್ತಿದ್ದರು. ಹೆಸರುಗಳನ್ನು ಒಬ್ಬರು ಗಟ್ಟಿಯಾಗಿ ಓದಿದರು, ಹಿಂದಿನವರು ಮತ್ತೆ ಓದಿಸಿದರು. ಇಂಜಿನ್ನಿಗೆ ಇನ್ನೆರಡು ಹನಿ ಎಣ್ಣೆ ಬಿತ್ತು. ಮುನಿಯಣ್ಣ ಶರ್ಟಿನ ತೋಳು ಮಡಚಿಕೊಂಡು ಟರ್ನ್‌ಟೇಬಲ್ಲಿನ ಪಕ್ಕ ನಿಂತರು, ಬಲಗೈ ಎತ್ತಿದರು.

"ಬಾ…"